ಮದ್ದಿಗಿಂತ ಮದ್ದಿನ ಸಾಮಾನೇ ದುಬಾರಿ

ಸಕ್ಕರೆ ಕಾಯಿಲೆ ಇರೋ ಮನೇಲಿ ತಿಂಗಳಿಗೆ ಎಷ್ಟು ಖರ್ಚಾಗ್ತದೆ ಅಂತ ಕೇಳಿ ನೋಡಿ. ಎಲ್ರೂ ಗುಳಿಗೆ ದುಡ್ಡು ಹೇಳ್ತಾರೆ, ಇನ್ಸುಲಿನ್ ದುಡ್ಡು ಹೇಳ್ತಾರೆ, ಡಾಕ್ಟ್ರ ಫೀಸು ಹೇಳ್ತಾರೆ. ಬೆರಳು ಚುಚ್ಚೋ ಸೂಜಿ, ರಕ್ತ ತಾಗಿಸೋ ಸ್ಟ್ರಿಪ್ಪು, ಸಿರಿಂಜು, ಹತ್ತಿ ಇವ್ಯಾವೂ ಲೆಕ್ಕಕ್ಕೆ ಬರಲ್ಲ. ಸಣ್ಣ ಸಾಮಾನು ನೋಡಿ, ಕೊತ್ತಂಬರಿ ಸೊಪ್ಪಿನ ದುಡ್ಡಿನಂಗೆ ಕೈಯಿಂದ ಜಾರ್ಕಂಡು ಹೋಗ್ಬಿಡ್ತದೆ. ಕೂತ್ಕಂಡು ಬರೆದು ಕೂಡಿಸಿದ್ರೆ ಮಾತ್ರ ಗೊತ್ತಾಗೋದು, ಮದ್ದಿಗಿಂತ ಮದ್ದಿನ ಸುತ್ತ ಇರೋ ಸಾಮಾನೇ ಜಾಸ್ತಿ ದುಡ್ಡು ತಿಂತಾ ಐತೆ ಅಂತ.

ಇದು ಹೆಂಗೆ ಹಿಂಗಾಯ್ತು ಅಂತ ನಾನು ಒಸಿ ಹಿಂದಕ್ಕೆ ಹೋಗಿ ಓದಿದೆ. ನಮ್ಮ ಮನೇಲೇ ಮೂರು ತಲೆಮಾರು ಈ ಕಾಯಿಲೆ ಕಂಡಿದ್ದೀವಿ. ಅಜ್ಜಿಗೆ ಇತ್ತು, ಅಪ್ಪಂಗೆ ಬಂತು, ಈಗ ಅವ್ವಂಗೂ ಐತೆ. ಒಬ್ಬೊಬ್ಬರ ಕಾಲಕ್ಕೆ ಒಂದೊಂದು ಸಾಮಾನು. ಅಕ್ಕತಂಗೇರು, ಅತ್ತಿಗೆದೀರು, ನಮ್ಮ ಬೀದಿ ಹೆಣ್ಮಕ್ಕಳು ಓದ್ಲಿ ಅಂತ ಅದನ್ನೆಲ್ಲ ಇಲ್ಲಿ ಬರೆದಿದ್ದೀನಿ.

ಇರುವೆ ತೋರಿಸಿದ ಕಾಯಿಲೆ

ಇದು ಹೊಸ ಕಾಯಿಲೆ, ಫಾರಂ ಕೋಳಿ ತಿಂದು ಬಂದಿದ್ದು ಅಂತ ನಮ್ಮ ಕಡೆ ಹೇಳೋರು ಬಾಳ ಜನ. ಹಂಗೇನಿಲ್ಲ. ಚರಕ, ಸುಶ್ರುತರ ಕಾಲದ ವೈದ್ಯಗ್ರಂಥಗಳಲ್ಲೇ ಪ್ರಮೇಹ, ಮಧುಮೇಹ ಅನ್ನೋ ಹೆಸರು ಐತೆ. ಉಚ್ಚೆ ಜೇನಿನಂಗೆ ಸಿಹಿ ಆಗ್ತದೆ, ಅದಕ್ಕೆ ಇರುವೆ ಮುತ್ತಿಕೊಳ್ತವೆ ಅಂತ ಆಗಲೇ ಗುರುತು ಹಿಡಿದಿದ್ರು. ಹುಟ್ಟಿನಿಂದಲೇ ಬರೋದು ಒಂದು ಥರ, ತಿನ್ನೋದು ಕೂರೋದು ಜಾಸ್ತಿ ಆಗಿ ಬರೋದು ಇನ್ನೊಂದು ಥರ ಅಂತಲೂ ಸುಶ್ರುತ ಬೇರೆ ಮಾಡಿ ಹೇಳಿದ್ದಾನೆ. ಈಗಿನ ಡಾಕ್ಟ್ರು ಟೈಪ್ ಒಂದು, ಟೈಪ್ ಎರಡು ಅಂತಾರಲ್ಲ, ಹೆಚ್ಚುಕಮ್ಮಿ ಅದೇ ದಾರಿ.

ನಮ್ಮಜ್ಜಿಗೆ ಕಾಯಿಲೆ ಇರೋದು ಗೊತ್ತಾಗಿದ್ದೂ ಇರುವೆಯಿಂದಲೇ. ಬಚ್ಚಲ ಕಲ್ಲಿನ ಹತ್ರ ಕಟ್ಟಿರುವೆ ಸಾಲು ನೋಡಿ ಪಕ್ಕದ ಮನೆ ದೊಡ್ಡವ್ವ, "ಅಯ್ಯೋ, ಇದು ಸಿಹಿಮೂತ್ರ ಕನವ್ವ, ನಮ್ಮಪ್ಪಂಗೂ ಇಂಗೇ ಇತ್ತು" ಅಂದ್ರಂತೆ. ರಕ್ತ ಪರೀಕ್ಷೆ ಆಮೇಲಿನ ಮಾತು. ಒಂದು ಕಾಸೂ ಖರ್ಚಿಲ್ಲದ ಪರೀಕ್ಷೆ ಅದು. ಆದ್ರೆ ಇರುವೆ ಬರೋ ಹೊತ್ತಿಗೆ ಕಾಯಿಲೆ ಬಾಳ ಮುಂದಕ್ಕೆ ಹೋಗಿರ್ತದೆ, ಅದೇ ತೊಂದರೆ.

ಮೈಲುತುತ್ತದ ನೀಲಿ ನೀರು

ಅಜ್ಜಿ ಕಾಲಕ್ಕೆ, ಅಂದ್ರೆ 1970ರ ದಶಕದಲ್ಲಿ, ಮನೇಲಿ ಶುಗರ್ ನೋಡೋ ಸಾಮಾನು ಅಂದ್ರೆ ಬೆನೆಡಿಕ್ಟ್ ದ್ರಾವಣ. ಸ್ಟಾನ್ಲಿ ಬೆನೆಡಿಕ್ಟ್ ಅನ್ನೋ ಅಮೆರಿಕದ ರಸಾಯನಶಾಸ್ತ್ರಜ್ಞ 1908ರ ಸುಮಾರಿಗೆ ಅದನ್ನ ತಯಾರಿಸಿದ್ದು. ಪಿಯುಸಿ ಸೈನ್ಸ್ ಓದಿದೋರು ಲ್ಯಾಬಲ್ಲಿ ನೋಡಿರ್ತೀರ. ಅದರಲ್ಲಿ ಇರೋದು ದೊಡ್ಡ ಗುಟ್ಟೇನಲ್ಲ. ನಮ್ಮ ಕಡೆ ಅಡಕೆ ತೋಟಕ್ಕೆ, ಟೊಮೇಟೊಗೆ ಸುಣ್ಣದ ಜೊತೆ ಬೆರೆಸಿ ಹೊಡೀತಾರಲ್ಲ ಮೈಲುತುತ್ತ, ಅದು. ಜೊತೆಗೆ ಬಟ್ಟೆ ಸೋಡ ಜಾತಿಯ ಒಂದು ಪುಡಿ, ನಿಂಬೆಹುಳಿಯಿಂದ ಆಗೋ ಒಂದು ಉಪ್ಪು. ನೀಲಿ ಬಣ್ಣ ಮೈಲುತುತ್ತದ್ದೇ.

ಕಂಪೌಂಡರ್ ಹತ್ರ ಒಂದು ಬಾಟ್ಲು ನೀಲಿ ನೀರು, ಗಾಜಿನ ಕೊಳವೆ, ಸ್ಪಿರಿಟ್ ದೀಪ ತಂದಿದ್ರು. ಐದು ಎಂಎಲ್ ನೀಲಿ ನೀರಿಗೆ ಎಂಟು ಹನಿ ಉಚ್ಚೆ ಬಿಟ್ಟು ಕುದಿಸೋದು. ನೀಲಿಯಾಗೇ ಉಳಿದ್ರೆ ಸಕ್ಕರೆ ಇಲ್ಲ. ಹಸಿರಾದ್ರೆ ಒಸಿ ಐತೆ. ಹಳದಿ, ಆಮೇಲೆ ಕಿತ್ತಳೆ, ಕೊನೆಗೆ ಇಟ್ಟಿಗೆ ಕೆಂಪು. ಇಟ್ಟಿಗೆ ಬಣ್ಣ ಬಂದ್ರೆ ಅವತ್ತು ಅಜ್ಜಿಗೆ ಮಧ್ಯಾಹ್ನದ ಅನ್ನ ಇಲ್ಲ. ಇದನ್ನ ಅಡುಗೆ ಮನೆಗೆ ಸೇರಿಸ್ತಿರ್ಲಿಲ್ಲ, ಹಿತ್ಲಲ್ಲಿ ನೀರೊಲೆ ಪಕ್ಕ ಮಾಡ್ತಿದ್ರು. ಮಾಡ್ತಿದ್ದೋಳು ನಮ್ಮವ್ವ. ಹೊಸ ಸೊಸೆ ಆಗ.

ಈ ಪರೀಕ್ಷೆ ಅಗ್ಗ. ಒಂದು ಬಾಟ್ಲು ತಿಂಗಳುಗಟ್ಟಲೆ ಬರ್ತಿತ್ತು. ಆದ್ರೆ ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದ ಮೇಲೇ ಅದು ಉಚ್ಚೆಗೆ ಇಳಿಯೋದು. ಅಲ್ಲಿಗಂಟ ನೀಲಿ ನೀರು ನೀಲಿಯಾಗೇ ಇರ್ತದೆ. ಶುಗರ್ ಇಳಿದು ಕೈ ನಡುಗಿ ಬೆವರು ಕಿತ್ಕಂಡಾಗ ಅದು ಏನೂ ಹೇಳಲ್ಲ. ತೋರಿಸೋದೂ ಎರಡು ಮೂರು ಗಂಟೆ ಹಿಂದಿನ ಕತೆ. ಅದಕ್ಕೇ ಅಗ್ಗದ ಸಾಮಾನು ಇದ್ರೂ ದುಬಾರಿ ಸಾಮಾನು ಬೇಕಾಯ್ತು.

ಈ ಮಧ್ಯೆ 1956ರಲ್ಲಿ ಕ್ಲಿನಿಸ್ಟಿಕ್ಸ್ ಅನ್ನೋ ಕಡ್ಡಿ ಅಮೆರಿಕದಲ್ಲಿ ಬಂತು. ಕುದಿಸೋದು ಬ್ಯಾಡ, ಅದ್ದಿ ಬಣ್ಣ ನೋಡಿದ್ರೆ ಸಾಕು. ಅದನ್ನ ಮಾಡಿದ್ದು ಹೆಲೆನ್ ಫ್ರೀ ಅನ್ನೋ ಹೆಂಗಸು ಮತ್ತೆ ಅವರ ಗಂಡ ಆಲ್ಫ್ರೆಡ್ ಫ್ರೀ, ಇಬ್ಬರೂ ರಸಾಯನಶಾಸ್ತ್ರಜ್ಞರು. ಈಗ ನಾವು ಬಳಸೋ ಎಲ್ಲ ಪಟ್ಟಿಗಳಿಗೂ ಅದೇ ಅಜ್ಜಿ ಅನ್ಬೋದು.

ಒಂದು ಡಾಲರಿನ ಮದ್ದು

ಮದ್ದಿನ ಕತೆಗೆ ಬರ್ತೀನಿ. ಇನ್ಸುಲಿನ್ ಬರೋಕೆ ಮುಂಚೆ ಚಿಕ್ಕ ಮಕ್ಕಳಿಗೆ ಈ ಕಾಯಿಲೆ ಬಂದ್ರೆ ಉಳೀತಿರ್ಲಿಲ್ಲ. ಫ್ರೆಡರಿಕ್ ಅಲೆನ್ ಅನ್ನೋ ಅಮೆರಿಕದ ಡಾಕ್ಟ್ರು ಮಕ್ಕಳನ್ನ ಹಸಿಸಿ ಹಸಿಸಿ ಒಂದೆರಡು ವರ್ಷ ಆಯುಸ್ಸು ಎಳೀತಿದ್ರು. ಎಲಿಜಬೆತ್ ಹ್ಯೂಸ್ ಅನ್ನೋ ಹುಡುಗಿ, ಅಮೆರಿಕದ ದೊಡ್ಡ ಮಂತ್ರಿ ಮಗಳು. ಹನ್ನೊಂದನೇ ವಯಸ್ಸಲ್ಲಿ, 1919ರಲ್ಲಿ, ಕಾಯಿಲೆ ಬಂತು. ಹದಿನೈದು ತುಂಬೋ ಹೊತ್ತಿಗೆ ಮೈತೂಕ ಸುಮಾರು ಇಪ್ಪತ್ತು ಕಿಲೋ. ನಮ್ಮನೆ ಅಕ್ಕಿ ಮೂಟೆಯಲ್ಲಿ ಅರ್ಧ ತೂಕ ಇಲ್ಲ ಆ ಮಗು.

1921ರಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್, ಚಾರ್ಲ್ಸ್ ಬೆಸ್ಟ್ ಇಬ್ಬರೂ ಮೆಕ್ಲಿಯಡ್ ಅವರ ಲ್ಯಾಬಲ್ಲಿ ಮೇದೋಜೀರಕದ ರಸ ತೆಗೆದ್ರು. ಜೇಮ್ಸ್ ಕಾಲಿಪ್ ಅದನ್ನ ಶುದ್ಧ ಮಾಡಿದ್ರು. 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಅನ್ನೋ ಹುಡುಗಂಗೆ ಮೊದಲ ಸೂಜಿ. ಮದ್ದು ಶುದ್ಧ ಇರ್ಲಿಲ್ಲ, ಚುಚ್ಚಿದ ಜಾಗ ಕೀವಾಯ್ತು. ಹನ್ನೆರಡು ದಿನ ಬಿಟ್ಟು ಕಾಲಿಪ್ ಶುದ್ಧ ಮಾಡಿದ್ದನ್ನ ಕೊಟ್ರು, ಹುಡುಗ ಎದ್ದು ಕೂತ. ಅದೇ ವರ್ಷ ಆಗಸ್ಟಲ್ಲಿ ಎಲಿಜಬೆತ್‌ಗೂ ಸೂಜಿ ಶುರುವಾಯ್ತು. ಆ ಹುಡುಗಿ ಮದುವೆಯಾಗಿ, ಮೂರು ಮಕ್ಕಳ ತಾಯಾಗಿ, 1981ರಗಂಟ ಬದುಕಿದ್ಲು.

ನಾವು ನೆನಪಿಟ್ಕೋಬೇಕಾದ್ದು ಮುಂದಿನ ವಿಷಯ. ಮದ್ದಿನ ಹಕ್ಕನ್ನ ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮೂವರೂ 1923ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬರೆದುಕೊಟ್ರು. ಯಾವನೋ ಒಬ್ಬ ಇದನ್ನ ಬಚ್ಚಿಟ್ಕಂಡು ದುಡ್ಡು ಮಾಡಬಾರದು ಅನ್ನೋದೇ ಉದ್ದೇಶ. ಅದೇ ವರ್ಷ ಬ್ಯಾಂಟಿಂಗ್‌ಗೂ ಮೆಕ್ಲಿಯಡ್‌ಗೂ ನೊಬೆಲ್ ಬಂತು. ಬ್ಯಾಂಟಿಂಗ್ ತನ್ನ ಪಾಲಿನ ದುಡ್ಡಲ್ಲಿ ಬೆಸ್ಟ್‌ಗೆ ಹಂಚಿದ, ಮೆಕ್ಲಿಯಡ್ ಕಾಲಿಪ್‌ಗೆ ಹಂಚಿದ.

ನಮ್ಮ ಕಡೆ ಅದೇ ಕಾಲಕ್ಕೆ ಏನಾಗ್ತಿತ್ತು ಗೊತ್ತಾ? ಕಾವೇರಿ ಪ್ರವಾಹದ ಕಾಟಕ್ಕೆ ಹಳೇ ಎಡತೊರೆ ಬಿಟ್ಟು ಎತ್ತರದ ಜಾಗದಲ್ಲಿ ಹೊಸ ಊರು ಕಟ್ಟಿದ್ದು, ಅದಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟು ಕೃಷ್ಣರಾಜನಗರ ಅಂದಿದ್ದು ಆ ಕಾಲದ್ದೇ ಕತೆ. ಮೈಸೂರು ಮೆಡಿಕಲ್ ಕಾಲೇಜು 1924ರಲ್ಲಿ ಬೆಂಗಳೂರಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಬಂತು. ಹುಣಸೂರು, ಪಿರಿಯಾಪಟ್ಟಣ, ಕೋಟೆ, ನಮ್ಮ ನಗರ, ಎಲ್ಲ ಕಡೆಯೋರಿಗೂ ದೊಡ್ಡಾಸ್ಪತ್ರೆ ಅಂದ್ರೆ ಇವತ್ತಿಗೂ ಅದಕ್ಕೆ ಸೇರಿದ ಕೆ.ಆರ್. ಆಸ್ಪತ್ರೆನೇ. ನಮ್ಮಜ್ಜಿಯನ್ನೂ ಕರ್ಕಂಡು ಹೋಗ್ತಿದ್ದು ಅಲ್ಲಿಗೇ.

ಗಾಜಿನ ಸಿರಿಂಜು, ಮಣ್ಣಿನ ಮಡಕೆ

ಆ ಕಾಲದ ಇನ್ಸುಲಿನ್ ಬರ್ತಿದ್ದು ಕಸಾಯಿಖಾನೆಯಿಂದ. ದನದ್ದು, ಹಂದೀದು ಮೇದೋಜೀರಕ. ಎರಡು ಟನ್ನಿಗೂ ಮೇಲೆ ಹಂದಿ ಅಂಗ ಅರೆದ್ರೆ ಕಾಲು ಕಿಲೋಗೂ ಕಮ್ಮಿ ಇನ್ಸುಲಿನ್ ಸಿಗ್ತಿತ್ತಂತೆ. ನಮ್ಮೂರ ಕಡೆ ಇದನ್ನ ಯಾರೂ ಬಾಯ್ಬಿಟ್ಟು ಹೇಳ್ತಿರ್ಲಿಲ್ಲ. ಶನಿವಾರ ಒಪ್ಪೊತ್ತು ಇರೋ ಅಜ್ಜಿಗೆ ಗೊತ್ತಾಗಿದ್ರೆ ಏನ್ ಮಾಡ್ತಿದ್ರೋ.

ಅಜ್ಜಿಗೆ ಗುಳಿಗೆ ಸಾಲ್ದೆ ಕೊನೆಗೆ ಸೂಜಿ ಬಂತು. ಸಾಮಾನಿನ ಖರ್ಚು ಆಗ ಹೆಂಗಿತ್ತು ಅಂದ್ರೆ, ಒಂದು ಗಾಜಿನ ಸಿರಿಂಜು, ಎರಡು ಸೂಜಿ. ಅಷ್ಟೇ, ವರ್ಷಗಟ್ಟಲೆಗೆ. ದಿನಾ ಬೆಳಗ್ಗೆ ಅಲ್ಯೂಮಿನಿಯಂ ಪಾತ್ರೇಲಿ ಬಟ್ಟೆ ಹಾಸಿ, ಸಿರಿಂಜು ಬಿಚ್ಚಿಟ್ಟು ಕುದಿಸೋದು, ಇಕ್ಕಳದಲ್ಲಿ ತೆಗೆಯೋದು, ಆರಿಸೋದು. ಸೂಜಿ ಮೊಂಡಾದ್ರೆ ಸಾಣೆಕಲ್ಲಲ್ಲಿ ಉಜ್ಜೋದು. ದುಡ್ಡು ಕಮ್ಮಿ, ಕೆಲಸ ಜಾಸ್ತಿ. ಆ ಕೆಲಸಕ್ಕೆ ಕೂಲಿ ಕಟ್ಟೋರು ಯಾರು? ಸೊಸೆ ಇರೋ ಮನೇಲಿ ಅದಕ್ಕೆ ಲೆಕ್ಕವೇ ಇಲ್ಲ.

ಫ್ರಿಜ್ ಇರ್ಲಿಲ್ಲ. ಹೊಸ ಮಣ್ಣಿನ ಮಡಕೆಗೆ ಮರಳು ತುಂಬಿ, ನೀರು ಚಿಮುಕಿಸಿ, ಅದರೊಳಗೆ ಇನ್ನೊಂದು ಕುಡಿಕೆ ಇಟ್ಟು, ಕುಡಿಕೆಯೊಳಗೆ ಇನ್ಸುಲಿನ್ ಬಾಟ್ಲು. ಮೇಲೆ ಒದ್ದೆ ಬಟ್ಟೆ. ನೀರು ಆರ್ತಾ ಆರ್ತಾ ಒಳಗಿನ ಬಿಸಿ ಹೀರ್ತದೆ. ಇದು ಬರೀ ಹಳ್ಳಿ ಬುದ್ಧಿ ಅಂತ ನಗಬ್ಯಾಡಿ, ಫ್ರಿಜ್ ಇಲ್ಲದ ಕಡೆ ಈಗಲೂ ಡಾಕ್ಟ್ರುಗಳೇ ಇದನ್ನ ಹೇಳ್ಕೊಡ್ತಾರೆ. ಬಳಸ್ತಾ ಇರೋ ಬಾಟ್ಲು ಬಿಸಿಲು ತಾಗದ ತಂಪು ಜಾಗದಲ್ಲಿ ಒಂದು ತಿಂಗಳು ಇರ್ತದೆ. ಮಂಜುಗಡ್ಡೆ ಆಗೋ ಕಡೆ ಮಾತ್ರ ಇಡಬಾರದು, ಕೆಟ್ಟೋಗ್ತದೆ.

ಗುಳಿಗೆ ಕತೆ ಇಷ್ಟೇ. 1956ರ ಸುಮಾರಿಗೆ ಟಾಲ್ಬುಟಮೈಡ್ ಬಂತು, ನಮ್ಮ ಹಿರಿಯರು ರಾಸ್ಟಿನಾನ್ ಅಂತಿದ್ದಿದ್ದು ಅದೇ. ಆಮೇಲೆ ಡಯೋನಿಲ್. 1957ರಲ್ಲಿ ಪ್ಯಾರಿಸ್ಸಿನ ಜಾನ್ ಸ್ಟರ್ನ್ ಅನ್ನೋ ಡಾಕ್ಟ್ರು ಮೆಟ್‌ಫಾರ್ಮಿನ್ ಬಗ್ಗೆ ಬರೆದ್ರು. ಯುರೋಪಿನ ಬೇಲಿ ಬದುವಿನಲ್ಲಿ ಬೆಳೆಯೋ ಒಂದು ಹೂವಿನ ಗಿಡದಲ್ಲಿರೋ ಅಂಶದಿಂದ ಶುರುವಾದ ಮದ್ದು ಅದು. ಅದರ ಮೇಲೆ ಈಗ ಯಾರ ಹಕ್ಕೂ ಇಲ್ಲ, ಅದಕ್ಕೇ ಅಷ್ಟು ಅಗ್ಗ, ಸರ್ಕಾರಿ ಆಸ್ಪತ್ರೇಲಿ ಬಿಟ್ಟಿ.

ಬೆಂಗಳೂರಲ್ಲೇ ಆಗೋ ಇನ್ಸುಲಿನ್

1978ರಲ್ಲಿ ಅಮೆರಿಕದಲ್ಲಿ ಒಂದು ಸೂಕ್ಷ್ಮಜೀವಿಗೆ ಮನುಷ್ಯರ ಇನ್ಸುಲಿನ್ ಮಾಡೋದನ್ನ ಕಲಿಸಿದ್ರು. ಹಿಟ್ಟು ಹುಳಿ ಬರೋ ಥರ ದೊಡ್ಡ ದೊಡ್ಡ ಹಂಡೇಲಿ ಜೀವಿ ಬೆಳೆಸಿ ಮದ್ದು ತೆಗೆಯೋದು. 1982ರಲ್ಲಿ ಅದು ಮಾರುಕಟ್ಟೆಗೆ ಬಂತು. ದನ, ಹಂದಿ ಮೇಲಿನ ಅವಲಂಬನೆ ತಪ್ತು. ಆದ್ರೆ ನಮ್ಮ ದೇಶಕ್ಕೆ ಅದು ಹೊರಗಿಂದಲೇ ಬರಬೇಕಿತ್ತು, ಬೆಲೆ ಜಾಸ್ತಿ.

2003ರಲ್ಲಿ ವೊಕಾರ್ಟ್, 2004ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಮನುಷ್ಯ ಇನ್ಸುಲಿನ್ನನ್ನ ಇಲ್ಲೇ ಮಾಡಿ ಮಾರೋಕೆ ಶುರು ಮಾಡಿದ್ರು. ಬಯೋಕಾನ್ ಕಟ್ಟಿದ್ದು ಕಿರಣ್ ಮಜುಂದಾರ್ ಶಾ, 1978ರಲ್ಲಿ. ಇನ್ಸುಲಿನ್ ಜೀವರಕ್ಷಕ ಮದ್ದುಗಳ ಪಟ್ಟೀಲಿ ಇರೋದ್ರಿಂದ ಬೆಲೆಗೆ ಕೇಂದ್ರ ಸರ್ಕಾರದ ಮಿತಿನೂ ಐತೆ. ಹಂಗಾಗಿ 400 ಯೂನಿಟ್ಟಿನ ಒಂದು ಬಾಟ್ಲು ಹಳೇ ನಮೂನೆ ಇನ್ಸುಲಿನ್ ಇವತ್ತು ನಮ್ಮ ಕಡೆ 160 ರೂಪಾಯಿ ಆಸುಪಾಸಿಗೆ ಸಿಗ್ತದೆ. ಪೆನ್ನಲ್ಲಿ ಬರೋ ಹೊಸ ನಮೂನೇದು ಅದಕ್ಕಿಂತ ಬಾಳ ದುಬಾರಿ, ಅದು ಬೇರೆ ಮಾತು.

ಗುಳಿಗೆಯಲ್ಲೂ ಹಂಗೇ. ಹಕ್ಕಿನ ಅವಧಿ ಮುಗಿದ ತಕ್ಷಣ ಬೆಲೆ ಬಿದ್ದೋಗ್ತದೆ. ಸಿಟಾಗ್ಲಿಪ್ಟಿನ್ 2022ರಲ್ಲಿ, ಎಂಪಾಗ್ಲಿಫ್ಲೋಜಿನ್ 2025ರ ಮಾರ್ಚಲ್ಲಿ. ಎರಡನೇದು ಒಂದು ಗುಳಿಗೆಗೆ 60 ರೂಪಾಯಿ ಹತ್ರ ಇದ್ದಿದ್ದು ಹತ್ತರ ಆಸುಪಾಸಿಗೆ ಬಂತು. ಅಂದ್ರೆ ನೂರು ವರ್ಷದಲ್ಲಿ ಮದ್ದು ಅಗ್ಗ ಆಗೋ ದಾರೀಲಿ ಬಂದೈತೆ. ಒಬ್ರು ಹಕ್ಕು ಬಿಟ್ಟುಕೊಟ್ರು, ಒಂದಷ್ಟು ಕಡೆ ಹಕ್ಕು ಮುಗೀತು, ಒಂದಷ್ಟು ಕಡೆ ಸರ್ಕಾರ ಬೆಲೆ ಕಟ್ತು.

ಮಿಷನ್ನು ಅಗ್ಗ, ಸ್ಟ್ರಿಪ್ಪು ದುಬಾರಿ

ಸಾಮಾನಿನ ದಾರಿ ಬೇರೆ. ರಕ್ತದ ಶುಗರ್ ನೋಡೋ ಮೊದಲನೇ ಮಿಷನ್ನು 1970ರ ಸುಮಾರಿಗೆ ಅಮೆರಿಕದ ಏಮ್ಸ್ ಅನ್ನೋ ಕಂಪನೀದು. ಒಂದು ಕಿಲೋಗೂ ಮೇಲೆ ತೂಕ, ನೂರಾರು ಡಾಲರ್ ಬೆಲೆ. ಡಾಕ್ಟ್ರಿಗೆ ಮಾತ್ರ ಮಾರೋದು, ರೋಗಿಗೆ ಕೊಡಲ್ಲ. ರಿಚರ್ಡ್ ಬರ್ನ್‌ಸ್ಟೀನ್ ಅನ್ನೋ ಇಂಜಿನಿಯರಿಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ. ಅವನ ಹೆಂಡತಿ ಡಾಕ್ಟ್ರು. ಆಯಮ್ಮನ ಹೆಸರಲ್ಲಿ ಮಿಷನ್ ತರಿಸಿ, ಮನೇಲೇ ದಿನಕ್ಕೆ ನಾಕೈದು ಸಲ ನೋಡ್ಕಂಡು, ಊಟಕ್ಕೆ ತಕ್ಕಂಗೆ ಇನ್ಸುಲಿನ್ ಹೊಂದಿಸೋದು ಕಲಿತ. ಡಾಕ್ಟ್ರುಗಳು ಇವನ ಮಾತು ಕೇಳ್ದಿದ್ದಕ್ಕೆ ನಲವತ್ತು ದಾಟಿದ ಮೇಲೆ ತಾನೇ ಮೆಡಿಕಲ್ ಕಾಲೇಜು ಸೇರಿ ಡಾಕ್ಟ್ರಾದ. ಮನೇಲೇ ಶುಗರ್ ನೋಡ್ಕೊಳ್ಳೋ ಅಭ್ಯಾಸ ಬೆಳೆಸಿದ ಮೊದಲಿಗರಲ್ಲಿ ಅವನೂ ಒಬ್ಬ.

ಈಗ ಮಿಷನ್ನು ಬೆಂಕಿಪೊಟ್ಟಣಕ್ಕಿಂತ ಒಸಿ ದೊಡ್ಡದು. ಎಷ್ಟೋ ಸಲ ಬಿಟ್ಟೀನೂ ಸಿಗ್ತದೆ. ಯಾಕೆ ಬಿಟ್ಟಿ? ಟಿವಿ ಡಬ್ಬ ಕಮ್ಮಿ ದುಡ್ಡಿಗೆ ಕೊಟ್ಟು ತಿಂಗಳಾ ತಿಂಗಳಾ ರೀಚಾರ್ಜ್ ಮಾಡಿಸ್ಕೊಳ್ಳಲ್ವಾ, ಹಂಗೆ. ಒಂದು ಕಂಪನಿ ಸ್ಟ್ರಿಪ್ಪು ಇನ್ನೊಂದು ಮಿಷನ್ನಿಗೆ ಆಗಲ್ಲ. ಮಿಷನ್ ಮನೆಗೆ ಬಂತು ಅಂದ್ರೆ ಆ ಸ್ಟ್ರಿಪ್ಪೇ ಕೊಳ್ಳಬೇಕು. ಸ್ಟ್ರಿಪ್ಪಿನ ತುದೀಲಿ ಇರೋದು ಒಂದು ಜಾತಿ ಬೂಷ್ಟಿನಿಂದ ತೆಗೆದ ಕಿಣ್ವ. ರಕ್ತದ ಸಕ್ಕರೆ ಜೊತೆ ಅದು ಸೇರಿದಾಗ ಸಣ್ಣ ಕರೆಂಟು ಹುಟ್ತದೆ, ಮಿಷನ್ನು ಆ ಕರೆಂಟು ಅಳೀತದೆ. ಗಾಳಿ ತೇವ ತಾಗಿದ್ರೆ ಕಿಣ್ವ ಕೆಡ್ತದೆ, ಅದಕ್ಕೇ ಡಬ್ಬದ ಮುಚ್ಚಳ ತೆಗೆದಿಡಬಾರದು. ಒಂದು ಸಲ ಬಳಸಿದ್ರೆ ಮುಗೀತು. ಅಜ್ಜಿಯ ನೀಲಿ ನೀರಿನಂಗೆ ತಿಂಗಳುಗಟ್ಟಲೆ ಬರೋ ಸಾಮಾನಲ್ಲ.

ಸಿರಿಂಜಿನ ಕತೆನೂ ಅದೇ. ಕುದಿಸೋ ಗಾಜು ಹೋಗಿ ಬಿಸಾಕೋ ಪ್ಲಾಸ್ಟಿಕ್ ಬಂತು. ಸೋಂಕಿನ ಭಯ ಹೋಯ್ತು, ಒಳ್ಳೇದೇ ಆಯ್ತು. ಆದ್ರೆ ವರ್ಷಕ್ಕೊಂದು ಸಲದ ಖರ್ಚು ದಿನಕ್ಕೆರಡು ಸಲದ ಖರ್ಚಾಯ್ತು.

ಅವ್ವನ ಲೆಕ್ಕದ ಪುಸ್ತಕ

ನಮ್ಮವ್ವ ಏಳನೇ ಕ್ಲಾಸು. ಮನೆ ಖರ್ಚನ್ನ ಬರೆದಿಡೋ ಅಭ್ಯಾಸ ಮೊದಲಿಂದ. ಭತ್ತ ಮಾರಿದ್ದು, ಆಳಿನ ಕೂಲಿ, ಡೈರಿಗೆ ಹಾಕಿದ ಹಾಲು, ಎಲ್ಲ ಒಂದೇ ಪುಸ್ತಕದಲ್ಲಿ. ಅಪ್ಪಂಗೆ ಕಾಯಿಲೆ ಬಂದ ಮೇಲೆ "ಇವರ ಔಷ್ದಿ" ಅಂತ ಒಂದು ಸಾಲು ಶುರುವಾಯ್ತು. ಮೊದಮೊದಲು ಆ ಸಾಲಿಗೆ ತಿಂಗಳಿಗೆ ಒಂದೇ ಬರಹ. ಆಮೇಲೆ ಸೂಜಿ ಶುರುವಾದಾಗ ಮೂರು. ತಮ್ಮ ಬೆಂಗಳೂರಿಂದ ಶುಗರ್ ಮಿಷನ್ ತಂದ ವರ್ಷದಿಂದ "ಸ್ಟಿಪ್" ಅಂತ ಹೊಸ ಸಾಲು, ಪುಟದ ತುಂಬ ಅದೇ.

ಆ ಪುಸ್ತಕದಲ್ಲಿ ಒಂದು ವಿಷಯ ಎಲ್ಲೂ ಇಲ್ಲ. ಅವ್ವಂಗೂ ಶುಗರ್ ಐತೆ ಅಂತ ಆಗ್ಲೇ ಹೇಳಿದ್ರು, ಗುಳಿಗೆನೂ ಕೊಟ್ಟಿದ್ರು. ಆದ್ರೆ ಅವಳ ಹೆಸರಲ್ಲಿ ಒಂದು ಸ್ಟ್ರಿಪ್ಪಿನ ಲೆಕ್ಕವೂ ಇಲ್ಲ. ಐವತ್ತರ ಡಬ್ಬ ತಂದ್ರೆ ಐವತ್ತೂ ಅಪ್ಪಂಗೆ. ಮಿಷನ್ನು ಒಂದೇ, ಮನೇಲೇ ಐತೆ, ಬೆರಳು ಚುಚ್ಚೋ ಕಷ್ಟವೂ ಅವಳಿಗೆ ದೊಡ್ಡದಲ್ಲ. ಕೇಳಿದ್ರೆ, "ನನ್ ಮೈ ನಂಗೆ ಗೊತ್ತಾಯ್ತದೆ ಬುಡವ್ವ, ಒಂದ್ ಸ್ಟಿಪ್ಗೆ ಅರ್ಧ ಲೀಟರ್ ಹಾಲಿನ ದುಡ್ಡು" ಅನ್ನೋಳು. ನಾಟಿ ಕಾಲದಲ್ಲಿ ಗದ್ದೇಲಿ ಕಾಲ್ಬೆರಳಿಗೆ ಏನೋ ತಾಗಿ ಗಾಯ ಆಯ್ತು. ನೋವು ಗೊತ್ತಾಗ್ಲಿಲ್ಲ. ಗೊತ್ತಾಗಲ್ಲ ಕನ್ರವ್ವ, ಶುಗರ್ ಜಾಸ್ತಿ ದಿನ ಇದ್ರೆ ಪಾದದ ನರ ಜೋಮು ಹಿಡಿದಂಗಾಗಿ ನೋವೇ ಹೇಳಲ್ಲ. ಆಸ್ಪತ್ರೆಗೆ ಹೋದಾಗ 380 ಇತ್ತು. ಒಂದು ಬೆರಳು ತೆಗೆದ್ರು.

ಗಾಯ ಮಾಗೋ ಹೊತ್ತಿಗೆ ಅವ್ವಂಗೂ ಸೂಜಿ ಶುರುವಾಯ್ತು. ಅಪ್ಪ ಹೋದ್ರು, ಲೆಕ್ಕದ ಪುಸ್ತಕ ನನ್ನ ಕೈಗೆ ಬಂತು. ಈಗಿನ ತಿಂಗಳ ಲೆಕ್ಕ, ನಮ್ಮ ಕಡೆ ಅಂಗಡೀಲಿ ಕೊಟ್ಟಿದ್ದು, ಹಿಂಗೈತೆ. ದಿನಕ್ಕೆ 30 ಯೂನಿಟ್, ತಿಂಗಳಿಗೆ 900. ಮೂರು ಬಾಟ್ಲು ಬೇಕು, 480 ರೂಪಾಯಿ. ದಿನಕ್ಕೆರಡು ಸಿರಿಂಜು, ಎಂಟು ರೂಪಾಯಿಯಂತೆ ಅರವತ್ತಕ್ಕೆ 480. ದಿನಕ್ಕೆರಡು ಸ್ಟ್ರಿಪ್ಪು, 18 ರೂಪಾಯಿಯಂತೆ ಅರವತ್ತಕ್ಕೆ 1080. ಬೆರಳು ಚುಚ್ಚೋ ಸೂಜಿ ಎರಡು ರೂಪಾಯಿಯಂತೆ 120. ಒಟ್ಟು 2160.

ಇದರಲ್ಲಿ ಮದ್ದು ಎಷ್ಟು? 480. ಸಾಮಾನು 1680. ಗೃಹಲಕ್ಷ್ಮಿ ದುಡ್ಡು ತಿಂಗಳಿಗೆ 2000. ಆ ಯೋಜನೆಗೆ 2023ರ ಆಗಸ್ಟ್ 30ರಂದು ಚಾಲನೆ ಕೊಟ್ಟಿದ್ದು ನಮ್ಮ ಮೈಸೂರಲ್ಲೇ. ಅವ್ವನ ಖಾತೆಗೆ ಬಿದ್ದ ದುಡ್ಡು ಪೂರ್ತಿ ಹೋದ್ರೂ 160 ಕಮ್ಮಿ ಬೀಳ್ತದೆ. ಹೆಣ್ಮಕ್ಕಳ ಕೈಗೆ ಅಂತ ಬಂದ ದುಡ್ಡು ಬೆರಳ ತುದಿಯ ಒಂದು ಹನಿ ರಕ್ತಕ್ಕೆ ಹೋಗ್ತದೆ.

ಕಾರ್ಡು ಎಲ್ಲಿ ನಡೀತದೆ

ಅವ್ವನ ಬೆರಳು ತೆಗೆದಾಗ ಕಾರ್ಡು ತೋರಿಸಿದ್ವಿ, ಆಪರೇಷನ್ನಿಗೆ ದುಡ್ಡು ಕಟ್ಟಲಿಲ್ಲ. ಅದು ದೊಡ್ಡ ಉಪಕಾರ, ಇಲ್ಲ ಅನ್ನಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇರ್ಲಿ, ಸಹಕಾರ ಸಂಘದ ಸದಸ್ಯರಿಗೆ 2003ರಲ್ಲಿ ಶುರುವಾದ ಯಶಸ್ವಿನಿ ಇರ್ಲಿ, ಅವು ಬಂದಿದ್ದೇ ಆಸ್ಪತ್ರೆಗೆ ಸೇರಿದಾಗಿನ ಖರ್ಚಿಗೆ, ಆಪರೇಷನ್ನಿಗೆ. ದಿನದಿನದ ಸ್ಟ್ರಿಪ್ಪು, ಸಿರಿಂಜಿಗೆ ಅವು ನಡಿಯಲ್ಲ. ಬೆರಳು ಕತ್ತರಿಸೋಕೆ ಕಾರ್ಡ್ ನಡೀತದೆ, ಬೆರಳು ಉಳಿಸೋಕೆ ನಾವೇ ಕೊಡಬೇಕು.

2010ರಲ್ಲಿ ಕೇಂದ್ರ ಸರ್ಕಾರ ಸಕ್ಕರೆ ಕಾಯಿಲೆ, ಬಿಪಿ, ಕ್ಯಾನ್ಸರಿಗೆ ಅಂತ ಒಂದು ಕಾರ್ಯಕ್ರಮ ಶುರು ಮಾಡ್ತು. ಅದರಿಂದ ತಾಲೂಕು ಆಸ್ಪತ್ರೇಲಿ ಎನ್‌ಸಿಡಿ ಕ್ಲಿನಿಕ್ ಅಂತ ಬೋರ್ಡು ಬಂತು, ಶುಗರ್ ಪರೀಕ್ಷೆ, ಗುಳಿಗೆ ಬಿಟ್ಟಿ. 2024ರಲ್ಲಿ ನಮ್ಮ ರಾಜ್ಯದ ಗೃಹ ಆರೋಗ್ಯ ಯೋಜನೆ ಕೋಲಾರದಿಂದ ಶುರುವಾಯ್ತು, ಮನೆ ಬಾಗಿಲಿಗೇ ಬಂದು ಬಿಪಿ, ಶುಗರ್ ನೋಡೋದು. 2025ರ ಸೆಪ್ಟೆಂಬರ್ 22ರಿಂದ ಶುಗರ್ ಮಿಷನ್ನು, ಸ್ಟ್ರಿಪ್ಪಿನ ಮೇಲಿನ ಜಿಎಸ್‌ಟಿ ಶೇಕಡ 12ರಿಂದ 5ಕ್ಕೆ ಇಳೀತು. ಐವತ್ತರ ಡಬ್ಬದ ಮೂಲ ಬೆಲೆ ಸಾವಿರ ಇದ್ರೆ ತೆರಿಗೇಲಿ 70 ರೂಪಾಯಿ ಉಳೀತದೆ, ಒಂದು ಸ್ಟ್ರಿಪ್ಪಿಗೆ ಒಂದು ರೂಪಾಯಿ ನಲವತ್ತು ಪೈಸೆ. ಇಳಿದಿದ್ದು ಇಳೀತು, ಸಾಲದು.

ಐಸಿಎಂಆರ್ ಸೇರಿ ಮಾಡಿದ ಅಧ್ಯಯನ 2023ರಲ್ಲಿ ಬಂದಾಗ ದೇಶದಲ್ಲಿ 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಐತೆ ಅಂದಿತ್ತು. ಇಷ್ಟು ಜನಕ್ಕೆ ಬೇಕಾದ ಸಾಮಾನು ಅಂದ್ಮೇಲೆ ಇನ್ಸುಲಿನ್ನಿಗೆ ಬೆಲೆ ಕಟ್ಟಿದಂಗೆ ಸ್ಟ್ರಿಪ್ಪಿಗೂ ಕಟ್ಟಬೇಕು ಅಂತ ನಮ್ಮಂಥೋರು ಕೇಳೋದು ತಪ್ಪಲ್ಲ. ಬ್ಯಾಂಟಿಂಗ್ ಬರೆದುಕೊಟ್ಟಿದ್ದು ಮದ್ದಿನ ಹಕ್ಕು. ಸ್ಟ್ರಿಪ್ಪಿನ ಹಕ್ಕು ಯಾರೂ ಒಂದು ಡಾಲರಿಗೆ ಬರೆದುಕೊಡಲಿಲ್ಲ.

ಅಲ್ಲಿಗಂಟ ನಮ್ಮ ಕೈಲಾಗೋದು

ಕಲಿತಿದ್ದು ನಾಕು ಮಾತು ಹೇಳ್ತೀನಿ. ಗುಳಿಗೆ ಮಾತ್ರ ತಗೊಳ್ಳೋರು ದಿನಾ ಚುಚ್ಕೊಬೇಕಾಗಿಲ್ಲ, ಎಷ್ಟು ಸಲ ನೋಡಬೇಕು ಅಂತ ಡಾಕ್ಟ್ರನ್ನೇ ಬಾಯ್ಬಿಟ್ಟು ಕೇಳಿ. ಮೂರು ತಿಂಗಳ ಸರಾಸರಿ ಹೇಳೋ ಎಚ್‌ಬಿಎ1ಸಿ ಪರೀಕ್ಷೆ ಒಂದು ಸಲ ಮಾಡಿಸಿದ್ರೆ ದಿನಾ ನೋಡೋ ಎಷ್ಟೋ ಸ್ಟ್ರಿಪ್ಪು ಉಳಿಯಬೋದು. ಇನ್ಸುಲಿನ್ ತಗೊಳ್ಳೋರು ಮಾತ್ರ ತಾವಾಗೇ ನೋಡೋದು ಕಮ್ಮಿ ಮಾಡಬ್ಯಾಡಿ. ಗುಳಿಗೆಯ ಕಂಪನಿ ಹೆಸರು ಬಿಟ್ಟು ಮದ್ದಿನ ಹೆಸರು ಬರೆಸ್ಕಂಡು, 2008ರಲ್ಲಿ ಶುರುವಾದ ಜನೌಷಧಿ ಅಂಗಡೀಲಿ ಕೇಳಿ, ಬಾಳ ವ್ಯತ್ಯಾಸ ಐತೆ. ಮೈಸೂರಿಗೆ ಹೋಗೋಕೆ ಹೆಂಗಸರಿಗೆ ಬಸ್ಸೂ ಬಿಟ್ಟಿ ಈಗ.

ಸಿರಿಂಜು ಕೊಳ್ಳುವಾಗ ಹುಷಾರು. ಬಾಟ್ಲಿನ ಮೇಲೆ 40 ಅಂತಿದ್ರೆ ಕೆಂಪು ಮುಚ್ಚಳದ 40ರ ಸಿರಿಂಜೇ ಆಗಬೇಕು, 100 ಅಂತಿದ್ರೆ ಕಿತ್ತಳೆ ಮುಚ್ಚಳದ 100ರದ್ದು. ಅದಲುಬದಲಾದ್ರೆ ಎರಡೂವರೆ ಪಟ್ಟು ಹೆಚ್ಚುಕಮ್ಮಿ ಆಗ್ತದೆ, ಜೀವಕ್ಕೇ ಕುತ್ತು. ಅಗ್ಗ ಸಿಕ್ತು ಅಂತ ಮುಚ್ಚಳ ನೋಡದೆ ತರಬ್ಯಾಡಿ. ಒಂದೇ ಸೂಜಿ ಹತ್ತು ದಿನ ಚುಚ್ಚಿದ್ರೆ ಮೊಂಡಾಗಿ ಚರ್ಮದ ಕೆಳಗೆ ಗಂಟು ಕಟ್ತದೆ, ಗಂಟಿಗೆ ಚುಚ್ಚಿದ ಇನ್ಸುಲಿನ್ ಸರಿಯಾಗಿ ರಕ್ತಕ್ಕೆ ಸೇರಲ್ಲ. ಉಳಿಸಿದ ಎಂಟು ರೂಪಾಯಿ ಮದ್ದಲ್ಲಿ ಹೋಯ್ತು. ಬಳಸಿದ ಸೂಜಿ ತಿಪ್ಪೆಗೆ ಎಸೀಬ್ಯಾಡಿ, ಗಟ್ಟಿ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿ ಮುಚ್ಚಿ ಆಸ್ಪತ್ರೆಗೆ ಕೊಡಿ. ದನ ಮೇಯೋ ಜಾಗ ಅದು, ಮಕ್ಕಳು ಆಡೋ ಜಾಗ.

ಬಸುರೀಲಿ ಶುಗರ್ ಬಂದಿದ್ದ ಹೆಣ್ಮಕ್ಕಳು ಹೆರಿಗೆ ಆದ್ಮೇಲೆ ಹೋಯ್ತು ಅಂತ ಮರೀಬ್ಯಾಡಿ. ಆರು ವಾರಕ್ಕೆ ಒಂದು ಸಲ ನೋಡಿಸಿ, ಆಮೇಲೂ ಬಿಡದೆ ಆಗಾಗ ನೋಡಿಸಿ. ಅಂಥೋರಿಗೆ ಮುಂದೆ ಕಾಯಿಲೆ ನಿಂತುಬಿಡೋ ಸಂಭವ ಜಾಸ್ತಿ. ಸೊಸೇರು ಇದ್ರೆ ಅವರಿಗೂ ಹೇಳಿ. ಭತ್ತದ ನಾಡು ನಮ್ಮದು, ಮೂರು ಹೊತ್ತೂ ಅನ್ನ ಉಣ್ಣೋ ಅಭ್ಯಾಸ. ಮುದ್ದೆಗೆ ತಿರುಗಿದ್ರೂ ಅದರ ಗಾತ್ರ ನೋಡಿ ಉಣ್ಣಿ, ರಾಗಿ ಅಂತ ಎರಡು ಮುದ್ದೆ ನುಂಗಿದ್ರೆ ಶುಗರ್ ಏರದೆ ಇರಲ್ಲ. ದಿನಾ ರಾತ್ರಿ ಮಲಗೋ ಮುಂಚೆ ಪಾದ ತೊಳೆದು ಬೆರಳ ಸಂದು ನೋಡಿ. ಅದಕ್ಕೆ ಸ್ಟ್ರಿಪ್ಪು ಬೇಕಾಗಿಲ್ಲ.

ಕೊನೇದಾಗಿ, ಗಂಡಂಗೂ ಹೆಂಡ್ತಿಗೂ ಇಬ್ಬರಿಗೂ ಶುಗರ್ ಇರೋ ಮನೆ ನಮ್ಮ ಬೀದೀಲೇ ನಾಕೈದು ಐತೆ. ಎಲ್ಲ ಕಡೆ ಡಬ್ಬ ಒಂದೇ. ಅದನ್ನ ಹೆಂಗೆ ಹಂಚ್ಕತೀರ ಅಂತ ಸಿಕ್ಕಾಗ ಕೇಳ್ತೀನಿ, ಸುಳ್ಳು ಹೇಳಬ್ಯಾಡಿ. ನಾಷ್ಟ ಬಡಿಸೋ ಮುಂಚೆ ಅವರದು ನೋಡಿದ್ರೆ, ಅದೇ ಜಾಗದಲ್ಲಿ ನಿಂತ್ಕಂಡು ನಿಮ್ಮದೂ ನೋಡ್ಕಳಿ, ಎರಡನ್ನೂ ಲೆಕ್ಕದ ಪುಸ್ತಕದಲ್ಲಿ ಬರೀರಿ.